ಹೊಸ ಟ್ಯಾಟೂ, ಐದನೇ ದಿನ: ಕಪ್ಪು ಹೊಟ್ಟು ಉದುರುತ್ತಿದೆ, ಬಣ್ಣವೂ ಹೋಗುತ್ತಿದೆಯಾ?

ಜರಿಗಿಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಟ್ಯಾಟೂ. ಎಡ ಮುಂಗೈಯ ಒಳಮಗ್ಗುಲಲ್ಲಿ, ಮಣಿಕಟ್ಟಿನಿಂದ ಮೊಣಕೈ ಕಡೆಗೆ ಏರುವ ಹಾಗೆ ಒಂದು ಜರಿಗಿಡದ ಎಲೆ. ತುದಿಯಲ್ಲಿ ಉಗುರಿನಷ್ಟು ದೊಡ್ಡ ಕೆಂಪು ಹುಳ, ಬೆನ್ನ ಮೇಲೆ ಕಪ್ಪು ಚುಕ್ಕೆ ಇರುತ್ತಲ್ಲ, ಅದು. ಮೂರೂವರೆ ಗಂಟೆ ಕೂತು ಹಾಕಿಸಿಕೊಂಡೆ.

ಮುಗಿದ ಮೇಲೆ ಪಾರದರ್ಶಕ ಅಂಟುಹಾಳೆಯೊಂದನ್ನು ಮೇಲೆ ಹಚ್ಚಿ ಕಳಿಸಿದರು. ಸೆಕೆಂಡ್ ಸ್ಕಿನ್ ಅಂತಾರಂತೆ. ಮೊದಲ ರಾತ್ರಿಯೇ ಅದರೊಳಗೆ ಕಪ್ಪು ನೀರು ತುಂಬಿಕೊಂಡಿತು. ಕೈ ಓರೆ ಮಾಡಿದರೆ ಅತ್ತ, ನೇರ ಮಾಡಿದರೆ ಇತ್ತ ಹರಿದಾಡುತ್ತಿತ್ತು. ನೋಡಿ ಎದೆ ಧಸಕ್ಕೆಂದಿತು. ಮೂರು ದಿನ ಇರಲಿ ಅಂದಿದ್ದರು, ಇಟ್ಟುಕೊಂಡೆ. ಮೂರನೇ ದಿನ ಕಿತ್ತೆ. ಕಿತ್ತೆ ಅಂದರೆ ನಿಜಕ್ಕೂ ಕಿತ್ತೆ, ಒಂದೇ ಎಳೆತಕ್ಕೆ. ಕಣ್ಣಲ್ಲಿ ನೀರು ಬಂತು.

ಇವತ್ತು ಐದನೇ ದಿನ. ಬೆಳಿಗ್ಗೆ ತೊಳೆದು ಒರೆಸಿದರೆ ಟವೆಲ್ ತುಂಬ ಕಪ್ಪು ಹೊಟ್ಟು. ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಉಜ್ಜಿದಾಗ ಬೀಳುತ್ತಲ್ಲ ಪುಡಿ, ಹಾಗೆ. ಒಂದು ಚೂರಂತೂ ಸಣ್ಣ ಎಲೆಯ ಆಕಾರದಲ್ಲೇ ಬಿದ್ದಿತ್ತು. ಅದು ಉದುರಿದ ಜಾಗದಲ್ಲಿ ಬಣ್ಣ ಮಂಕಾಗಿದೆ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟ ಹಾಗೆ ಕಾಣುತ್ತದೆ. ಮೂರೂವರೆ ಗಂಟೆಯ ನೋವು ಟವೆಲ್ಲಿಗೆ ಹೋಯಿತಾ ಅಂತ ಭಯ.

ಇನ್ನೊಂದು, ಟ್ಯಾಟೂವಿನಿಂದ ಸ್ವಲ್ಪ ದೂರದಲ್ಲಿ ಚರ್ಮ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ನವೆ ತಡೆಯೋಕೆ ಆಗುತ್ತಿಲ್ಲ. ಕೆಂಪು ಹುಳ ಕೈಗೆ ಸ್ವಲ್ಪ ಉಬ್ಬಿದ ಹಾಗೆ ಸಿಗುತ್ತದೆ, ಕಪ್ಪು ಗೆರೆಗಳು ಹಾಗಿಲ್ಲ. ನಿನ್ನೆ ರಾತ್ರಿ ಅಂಗಿಯ ತೋಳು ಅಂಟಿಕೊಂಡು, ಬೆಳಿಗ್ಗೆ ಬಿಡಿಸುವಾಗ ಒಂದು ಕಡೆ ಚುರ್ ಅಂತು.

ಸಲಹೆ ಕೊಡುವವರಿಗೇನೂ ಕಮ್ಮಿ ಇಲ್ಲ. ಗೆಳತಿ ಏನೂ ಹಚ್ಚಬೇಡ ಅನ್ನುತ್ತಾಳೆ. ಆಫೀಸಿನಲ್ಲೊಬ್ಬರು ವ್ಯಾಸಲೀನ್ ದಪ್ಪಗೆ ಮೆತ್ತು ಅನ್ನುತ್ತಾರೆ. ನಮ್ಮಣ್ಣ ಮನೆಯಲ್ಲಿದ್ದ ಯಾವುದೋ ಆ್ಯಂಟಿಬಯೋಟಿಕ್ ಮುಲಾಮು ತಂದು ಕೊಟ್ಟಿದ್ದಾನೆ, ಇನ್ನೂ ಹಚ್ಚಿಲ್ಲ. ಮಣಿಕಟ್ಟಿನ ಹತ್ತಿರ ಒಂದು ಸಿಪ್ಪೆ ಅರ್ಧ ಬಿಟ್ಟುಕೊಂಡು ನೇತಾಡುತ್ತಿದೆ. ಇದನ್ನು ಟೈಪ್ ಮಾಡುವಾಗಲೂ ಬಲಗೈ ಅಲ್ಲಿಗೇ ಹೋಗುತ್ತಿದೆ. ಕೀಳಬಹುದಾ?

ಒಣಗಲಿಬಿಡಿ ಬರೆದದ್ದು:

ನಾನು ನಾಲ್ಕು ಹಾಕಿಸಿದ್ದೇನೆ. ಒಂದಕ್ಕೂ ಏನೂ ಹಚ್ಚಿಲ್ಲ. ಗಾಯ ಅಂದ ಮೇಲೆ ಗಾಳಿಗೆ ಬಿಡಬೇಕು, ಒಣಗಬೇಕು, ಹಕ್ಕಳೆ ತಾನಾಗೇ ಬೀಳಬೇಕು. ಈ ಕ್ರೀಮು, ಹಾಳೆ ಎಲ್ಲ ಮಾರುವವರ ಕಿತಾಪತಿ. ಸುಮ್ನೆ ಬಿಡಿ.

ಏಳುಹಚ್ಚೆ ಬರೆದದ್ದು:

ಮೊದಲು ನೇತಾಡುವ ಸಿಪ್ಪೆಯ ವಿಚಾರ, ಯಾಕೆಂದರೆ ನಾನು ಇಷ್ಟು ಬರೆದು ಮುಗಿಸುವಷ್ಟರಲ್ಲಿ ನೀವು ಅದನ್ನು ಕಿತ್ತಿರುತ್ತೀರಿ. ಕೀಳಬೇಡಿ. ಅದರ ಒಂದು ತುದಿ ಸತ್ತಿದೆ, ಇನ್ನೊಂದು ತುದಿಗೆ ಇನ್ನೂ ಜೀವ ಇದೆ. ಎಳೆದರೆ ಜೀವ ಇರುವ ಕಡೆಯಿಂದ ಹಸಿ ಚರ್ಮವನ್ನೂ, ಅದರ ಜೊತೆಗೆ ಒಂದಿಷ್ಟು ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ ಅನ್ನಿಸಿದರೆ ಶುಭ್ರವಾದ ಸಣ್ಣ ಕತ್ತರಿಯಲ್ಲಿ ಸಡಿಲವಾದ ಭಾಗವನ್ನಷ್ಟೇ ಕತ್ತರಿಸಿ.

ಈಗ ನಿಮ್ಮ ದೊಡ್ಡ ಭಯ. ಟವೆಲ್ಲಿಗೆ ಬಂದದ್ದು ನಿಮ್ಮ ಟ್ಯಾಟೂ ಅಲ್ಲ. ಸೂಜಿ ಚರ್ಮದೊಳಗೆ ಒಂದರಿಂದ ಎರಡು ಮಿಲಿಮೀಟರ್ ಇಳಿಯುತ್ತದೆ. ಇಂಕು ಉಳಿಯಬೇಕಾದ್ದು ಕೆಳಪದರದಲ್ಲಿ. ಆದರೆ ಅಲ್ಲಿಗೆ ಹೋಗಬೇಕಾದರೆ ಮೇಲ್ಪದರವನ್ನು ದಾಟಲೇಬೇಕಲ್ವಾ? ದಾರಿಯಲ್ಲಿ ಅಲ್ಲೂ ಒಂದಿಷ್ಟು ಬಣ್ಣ ಸಿಕ್ಕಿಕೊಳ್ಳುತ್ತದೆ. ಆ ಮೇಲ್ಪದರ ಹೇಗಿದ್ದರೂ ಬೀಳುವಂಥದ್ದು, ನಮ್ಮೆಲ್ಲರ ಮೈಮೇಲೂ ದಿನಾ ಬೀಳುತ್ತಲೇ ಇರುತ್ತದೆ. ನಿಮ್ಮದು ಕಪ್ಪಗಿರುವುದರಿಂದ ಬೀಳುವುದು ಕಣ್ಣಿಗೆ ಕಂಡಿತು, ಅಷ್ಟೇ.

ಕೆಳಗೆ ಇಳಿದ ಇಂಕಿನ ಕತೆ ಇನ್ನೂ ಚೆನ್ನಾಗಿದೆ. ಹೊರಗಿನ ವಸ್ತು ಏನೋ ಬಂತು ಅಂತ ಮೈಯ ಕಾವಲು ಕಣಗಳು ಓಡಿ ಬಂದು ಅದನ್ನು ನುಂಗುತ್ತವೆ. ನುಂಗುತ್ತವೆ, ಆದರೆ ಕರಗಿಸೋಕೆ ಆಗುವುದಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂರುತ್ತವೆ. ಆ ಕಣ ಸತ್ತಾಗ ಚೆಲ್ಲಿದ ಬಣ್ಣವನ್ನು ಪಕ್ಕಕ್ಕೆ ಬಂದ ಹೊಸ ಕಣ ಮತ್ತೆ ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ಇದನ್ನು ತೋರಿಸಿದರು. ಇಲಿಯ ಬಾಲಕ್ಕೆ! ಆ ಕೆಲಸ ಯಾರಿಗೆ ಕೊಟ್ಟರೋ ಪಾಪ.

ಮಂಕು ಕಾಣುವುದಕ್ಕೂ ಇದೇ ಕಾರಣ. ಹಳೇ ಪದರ ಬಿದ್ದ ಮೇಲೆ ಹೊಸ ಎಳೇ ಚರ್ಮ ಬರುತ್ತದೆ. ಅದು ಮೊದಮೊದಲು ಮಸುಕಾಗಿ, ಸ್ವಲ್ಪ ಹೊಳಪಾಗಿ ಇರುತ್ತದೆ. ಟ್ರೇಸಿಂಗ್ ಪೇಪರ್ ಅಂದಿರಲ್ಲ, ಸರಿಯಾಗೇ ನೋಡಿದ್ದೀರಿ. ಎರಡು ವಾರದಲ್ಲಿ ಸಿಪ್ಪೆ ನಿಲ್ಲುತ್ತದೆ, ಮೂರು ನಾಲ್ಕು ವಾರಕ್ಕೆ ಮೇಲೆ ತಿಳಿಯಾಗುತ್ತದೆ. ಒಳಗಿನ ಚರ್ಮ ಪೂರ್ತಿ ಮಾಯೋಕೆ ತಿಂಗಳುಗಳೇ ಬೇಕು. ಬಣ್ಣದ ತೀರ್ಪು ಈಗ ಬೇಡ.

ಹಚ್ಚುವ ವಿಚಾರಕ್ಕೆ ಬಂದರೆ ನನ್ನ ಮೊದಲ ಟ್ಯಾಟೂವನ್ನೇ ಹೇಳಬೇಕು. ಕಾಲಿನ ಗಿಣ್ಣಿನ ಮೇಲೆ ದಿಕ್ಸೂಚಿ. ನಾಲ್ಕು ದಿಕ್ಕಿಗೆ ನಾಲ್ಕು ಅಕ್ಷರ, ಪೂ, ಪ, ಉ, ದ. ಆಗ ನನಗೂ ದಪ್ಪಗೆ ಮೆತ್ತಿ ಅಂತ ಒಬ್ಬರು ಹೇಳಿದ್ದರು. ನಾನೋ, ಹೇಳಿದ್ದಕ್ಕಿಂತ ಎರಡು ಪಟ್ಟು ಮಾಡುವ ಆಸಾಮಿ. ದಿನಕ್ಕೆ ಆರು ಸಲ ಜೆಲ್ಲಿ ಮೆತ್ತಿ ಮೇಲೆ ಕಾಲುಚೀಲ ಹಾಕಿಕೊಂಡೆ. ಹಕ್ಕಳೆ ಒಣಗಲೇ ಇಲ್ಲ. ನೀರಲ್ಲಿ ನೆನೆದ ರಟ್ಟಿನ ಹಾಗೆ ಮೆತ್ತಗಾಗಿ ಊದಿಕೊಂಡಿತು. ಆರನೇ ದಿನ ಕಾಲುಚೀಲ ಬಿಚ್ಚಿದರೆ ಹಕ್ಕಳೆ ಕಾಲುಚೀಲದ ಜೊತೆಗೇ ಬಂತು, ಒಳಗೆ 'ಉ' ಅಕ್ಷರ ಮಗುಚಿ ಅಂಟಿಕೊಂಡಿತ್ತು. ಕಾಲ ಮೇಲೆ ಅದರ ಜಾಗದಲ್ಲಿ ಬಿಳಿ ಮಚ್ಚೆ. ಇವತ್ತಿಗೂ ನನ್ನದು ಉತ್ತರವಿಲ್ಲದ ದಿಕ್ಸೂಚಿ. ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವೂ ಇಲ್ಲ.

ಆಮೇಲಿನ ಆರಕ್ಕೆ ಮಾಡಿದ್ದು ಬಹಳ ಕಮ್ಮಿ. ದಿನಕ್ಕೆ ಎರಡು ಸಲ ತೊಳೆಯುತ್ತೇನೆ, ಬೆವರಿದ್ದರೆ ಮೂರು. ಮೊದಲು ಕೈಗೆ ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳುತ್ತೇನೆ, ಆಮೇಲೆ ಟ್ಯಾಟೂ. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೆದು ಸೋಪು, ಬರೀ ಬೆರಳು. ಉಜ್ಜುವ ಬಟ್ಟೆ, ಬ್ರಷ್ಷು ಯಾವುದೂ ಹತ್ತಿರ ಬರುವಂತಿಲ್ಲ. ನೊರೆ ಹೋದ ಮೇಲೆ ಪೇಪರ್ ಟವೆಲ್ ಒತ್ತಿ ನೀರು ತೆಗೆಯುವುದು, ಉಜ್ಜಿ ಒರೆಸುವುದಲ್ಲ. ನಿಮ್ಮ ಬಟ್ಟೆ ಟವೆಲ್ಲನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಸಿ ಟವೆಲ್ಲಿನಲ್ಲಿ ಕ್ರಿಮಿ ಮನೆ ಮಾಡುತ್ತವೆ, ನೂಲು ಸಿಪ್ಪೆಗೆ ಸಿಕ್ಕಿ ಎಳೆಯುತ್ತದೆ. ಹತ್ತು ನಿಮಿಷ ಗಾಳಿಗೆ ಬಿಟ್ಟು, ಪೂರ್ತಿ ಆರಿದ ಮೇಲೆ ಸುಗಂಧವಿಲ್ಲದ ಮಾಯಿಶ್ಚರೈಸರ್. ನಿಮ್ಮ ಎಲೆಗೆ ಬೆಂಕಿಕಡ್ಡಿ ತಲೆಯಷ್ಟು ಮೂರು ನಾಲ್ಕು ಚುಕ್ಕೆ ಸಾಕು. ಹಚ್ಚಿದ ಮೇಲೆ ಚರ್ಮ ಮಿರಮಿರ ಮಿಂಚಿದರೆ ಜಾಸ್ತಿಯಾಯಿತು ಅಂತ ಅರ್ಥ, ಪೇಪರ್ ಒತ್ತಿ ತೆಗೆದುಬಿಡಿ.

ಬಟ್ಟೆ ಮತ್ತೆ ಅಂಟಿಕೊಂಡರೆ ಎಳೆಯಬೇಡಿ. ಬಟ್ಟೆಯ ಸಮೇತ ಉಗುರುಬೆಚ್ಚಗಿನ ನೀರಿನಡಿ ಹಿಡಿದು ನಿಲ್ಲಿ. ಎರಡು ನಿಮಿಷದಲ್ಲಿ ತಾನಾಗೇ ಬಿಟ್ಟುಕೊಡುತ್ತದೆ. ಮಲಗುವಾಗ ಹೊದಿಕೆ ಒಗೆದದ್ದಿರಲಿ, ಹಳೇದಿರಲಿ, ಕಲೆಯಾದರೆ ಹೊಟ್ಟೆ ಉರಿಯದಂಥದ್ದಿರಲಿ.

ನವೆ ಬಂದರೆ ಕೆರೆಯದೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಪಕ್ಕದಲ್ಲಿರುವವರು ಸೊಳ್ಳೆ ಹೊಡೆಯುತ್ತಿದ್ದೀರಿ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಒಣ ಬಟ್ಟೆಯಲ್ಲಿ ಸುತ್ತಿದ ಐಸನ್ನು ಐದು ನಿಮಿಷ ಇಟ್ಟರೂ ಇಳಿಯುತ್ತದೆ. ರಾತ್ರಿ ನಿದ್ದೆಯಲ್ಲಿ ಕೆರೆಯುವ ಅಭ್ಯಾಸ ಇದ್ದರೆ ಮಲಗುವ ಮುಂಚೆ ಉಗುರು ಕತ್ತರಿಸಿಕೊಳ್ಳಿ. ಮೂರನೇ ಟ್ಯಾಟೂ ಹೊತ್ತಿಗೆ ಈ ಬುದ್ಧಿ ಬಂತು ನನಗೆ.

ಗುಳ್ಳೆ, ಕೆಂಪು ಹುಳ, ಅಣ್ಣನ ಮುಲಾಮು, ಈ ಮೂರಕ್ಕೆ ನಾನು ಬಾಯಿ ಹಾಕುವುದಿಲ್ಲ. ಇಲ್ಲಿ ವಾರ್ಡ್‌ಅಕ್ಕ ಅಂತ ಒಬ್ಬರಿದ್ದಾರೆ, ಬರುತ್ತಾರೆ.

ಮತ್ತೆ ಒಣಗಲಿಬಿಡಿ ಅವರೇ, ಗಾಯ ಗಾಳಿಗೆ ಒಣಗಬೇಕು ಅನ್ನುವುದನ್ನು ಜಾರ್ಜ್ ವಿಂಟರ್ ಅನ್ನುವವರು 1962ರಲ್ಲೇ ಪರೀಕ್ಷೆ ಮಾಡಿ ನೋಡಿದರು. ಎಳೇ ಹಂದಿಗಳ ಮೈಮೇಲೆ ತೆಳು ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥಿನ್ ಹಾಳೆಯಡಿ ತೇವವಾಗಿಟ್ಟರು. ತೇವ ಇದ್ದ ಕಡೆ ಹೊಸ ಚರ್ಮ ಹೆಚ್ಚುಕಮ್ಮಿ ಎರಡು ಪಟ್ಟು ವೇಗದಲ್ಲಿ ಮುಚ್ಚಿಕೊಂಡಿತು. ಒಣ ಹಕ್ಕಳೆ ಇದ್ದರೆ ಹೊಸ ಕಣಗಳು ಅದರಡಿ ಸುತ್ತು ಬಳಸಿ ಹೋಗಬೇಕು, ಅದಕ್ಕೆ ನಿಧಾನ. ಜರಿಗಿಡ ಅವರಿಗೆ ಅಂಟಿಸಿದ ಹಾಳೆಯ ಹಿಂದೆ ಇರುವುದೂ ಅದೇ ಯೋಚನೆ.

ಒಣಗಲಿಬಿಡಿ ಬರೆದದ್ದು:

ಹಂದಿ ಬೇರೆ, ನಾನು ಬೇರೆ. ನನ್ನ ನಾಲ್ಕೂ ಚೆನ್ನಾಗಿವೆ.

ಏಳುಹಚ್ಚೆ ಬರೆದದ್ದು:

ಚೆನ್ನಾಗಿರಬಹುದು, ಇಲ್ಲ ಅನ್ನುತ್ತಿಲ್ಲ. ಇಬ್ಬರಲ್ಲಿ ಒಬ್ಬರ ಹಾಗೆ ಮಾಡಲೇಬೇಕು ಅಂದರೆ ಮೊದಲ ಸಲದ ನನ್ನ ಹಾಗೆ ಕೆಸರು ಮಾಡಿಕೊಳ್ಳುವುದಕ್ಕಿಂತ ನಿಮ್ಮ ಹಾಗೆ ಏನೂ ಹಚ್ಚದಿರುವುದೇ ವಾಸಿ. ಆದರೆ ತೀರಾ ಒಣಗಿದ ಹಕ್ಕಳೆ ಬಿರಿಯುತ್ತದೆ. ಮಣಿಕಟ್ಟು ಮಡಚುವ ಜಾಗವಾದ್ದರಿಂದ ಅವರಿಗೆ ಬಿರಿದರೆ ಗೆರೆ ಒಡೆಯುತ್ತದೆ.

ವಾರ್ಡ್‌ಅಕ್ಕ ಬರೆದದ್ದು:

ಕರೆದಿದ್ದಕ್ಕೆ ಬಂದೆ. ನಾನು ಚರ್ಮರೋಗ ವಿಭಾಗದಲ್ಲಿ ಒಂಬತ್ತು ವರ್ಷದಿಂದ ನರ್ಸ್. ಡಾಕ್ಟರಲ್ಲ, ಮತ್ತೆ ಫೋಟೋ ಕೂಡ ಇಲ್ಲದೆ ಮಾತಾಡುತ್ತಿದ್ದೇನೆ, ಇಷ್ಟು ನೆನಪಿರಲಿ.

ಜರಿಗಿಡ, ಒಂದು ಕೆಲಸ ಮಾಡಮ್ಮ. ಬೆಳಕಿಗೆ ಕೈ ಹಿಡಿದು ಆ ಗುಳ್ಳೆಗಳ ಅಂಚು ನೋಡು. ವಕ್ರವಾಗಿ ಹರಡಿವೆಯಾ, ಇಲ್ಲಾ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತಿವೆಯಾ? ಹಾಳೆ ಎಲ್ಲಿವರೆಗೆ ಅಂಟಿತ್ತೋ ಅಲ್ಲಿವರೆಗೆ ಮಾತ್ರ ಇದ್ದು, ಮೂಲೆಗಳು ಚೌಕವಾಗಿದ್ದರೆ ಅದು ಅಂಟಿನ ಕಿರಿಕಿರಿ. ಅಲರ್ಜಿಯೂ ಇರಬಹುದು, ನೀನು ಎಳೆದ ರಭಸಕ್ಕೆ ಚರ್ಮ ಕಿತ್ತದ್ದೂ ಇರಬಹುದು. ಸೋಂಕು ಯಾವತ್ತೂ ನೇರ ಗೆರೆ ನೋಡಿ ಹರಡುವುದಿಲ್ಲ. ಅಂಟಿನದ್ದಾದರೆ ಹಾಳೆ ಹೋದ ಮೇಲೆ ಕೆಲವು ದಿನದಲ್ಲಿ ಇಳಿಯುತ್ತದೆ. ಮುಂದೆ ಎಲ್ಲಾದರೂ ಬ್ಯಾಂಡೇಜ್ ಹಾಕುವಾಗ ನನಗೆ ಅಂಟು ಆಗಿಬರುವುದಿಲ್ಲ ಅಂತ ಮೊದಲೇ ಹೇಳು.

ಸೋಂಕು ಅಂದರೆ ಹೇಗಿರುತ್ತದೆ? ಹೊಸ ಟ್ಯಾಟೂ ಮೊದಲ ಎರಡು ಮೂರು ದಿನ ಕೆಂಪಾಗಿ, ಬಿಸಿಯಾಗಿ, ಸ್ವಲ್ಪ ಬಾತುಕೊಂಡೇ ಇರುತ್ತದೆ. ತಿಳಿಯಾದ ರಸಿಕೆ ಬರುತ್ತದೆ, ಅದರಲ್ಲಿ ಇಂಕು ಬೆರೆತರೆ ನೀನು ಕಂಡ ಕಪ್ಪು ನೀರು. ಇದೆಲ್ಲ ಸರಿ. ದಿನದಿನಕ್ಕೆ ಇಳಿಯುತ್ತಿದೆಯಾ ಅನ್ನುವುದೇ ಲೆಕ್ಕ. ಮೂರನೇ ದಿನ ಕಮ್ಮಿಯಾಗಿದ್ದ ನೋವು ಐದನೇ ದಿನ ಮತ್ತೆ ಏರಿದರೆ, ಕೆಂಪು ಹರಡಿದರೆ, ಮಂದವಾದ ಹಳದಿ ಅಥವಾ ಹಸಿರು ಕೀವು ಬಂದರೆ, ಕೆಟ್ಟ ವಾಸನೆ ಬಂದರೆ, ಜ್ವರ ಚಳಿ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗು. ಟ್ಯಾಟೂವಿನಿಂದ ಕಂಕುಳ ಕಡೆಗೆ ಕೆಂಪು ಗೀರು ಏರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ಅನುಮಾನ ಇದ್ದರೆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಗಂಟೆ ಬರೆದಿಡು. ವಾರ್ಡಿನಲ್ಲಿ ನಾವೂ ಹಾಗೇ ಮಾಡುವುದು. ಗಾಬರಿಯಾದ ಕಣ್ಣಿಗೆ ಎಲ್ಲಾ ಹರಡಿದ ಹಾಗೇ ಕಾಣುತ್ತದೆ, ಪೆನ್ನಿನ ಗೆರೆ ಹಾಗಲ್ಲ.

ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಮ್ಮಿ ಮಾಡುವ ಮಾತ್ರೆ ತಗೊಳ್ಳುವವರು ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂರದೆ ಬೇಗ ತೋರಿಸಬೇಕು.

ಅಣ್ಣ ಕೊಟ್ಟ ಮುಲಾಮಿನ ಹಿಂಬದಿ ಓದು. ನಿಯೋಮೈಸಿನ್ ಅಂತ ಇದ್ದರೆ ಹಾಗೇ ವಾಪಸ್ ಕೊಡು. ಸೋಂಕಿಲ್ಲದ ಗಾಯಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಮೇಲಾಗಿ ಈ ನಿಯೋಮೈಸಿನ್‌ಗೆ ಅಲರ್ಜಿಯಾಗುವವರು ಬಹಳ ಜನ. ಎಷ್ಟೆಂದರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2010ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಅಂತ ಆರಿಸಿತ್ತು. ಮುಲಾಮು ಹಚ್ಚಿ, ಅದರಿಂದಲೇ ಗುಳ್ಳೆ ಎದ್ದು, ಸೋಂಕು ಜಾಸ್ತಿಯಾಯಿತು ಅಂತ ಇನ್ನಷ್ಟು ಹಚ್ಚಿಕೊಂಡು ಬರುವವರನ್ನು ನಾನು ತಿಂಗಳಿಗೊಬ್ಬರನ್ನಾದರೂ ನೋಡುತ್ತೇನೆ.

ಕೆಂಪು ಹುಳ. ಐದನೇ ದಿನಕ್ಕೆ ಸ್ವಲ್ಪ ಉಬ್ಬು ಇದ್ದರೆ ಚಿಂತೆ ಬೇಡ. ಬಣ್ಣ ತುಂಬುವಾಗ ಒಂದೇ ಜಾಗದಲ್ಲಿ ಸೂಜಿ ಮತ್ತೆ ಮತ್ತೆ ಆಡಿರುತ್ತದೆ, ಬರೀ ಗೆರೆಗಿಂತ ಅಲ್ಲಿ ಪೆಟ್ಟು ಜಾಸ್ತಿ. ಆದರೆ ಟ್ಯಾಟೂ ಬಣ್ಣಗಳಲ್ಲಿ ಅಲರ್ಜಿ ಅತಿ ಹೆಚ್ಚು ಕೊಡುವುದು ಕೆಂಪೇ. ಅದು ತಿಂಗಳುಗಳಾದ ಮೇಲೆ, ಕೆಲವರಿಗೆ ವರ್ಷಗಳಾದ ಮೇಲೂ ಬರಬಹುದು. ಎಲ್ಲೆಲ್ಲಿ ಕೆಂಪಿದೆಯೋ ಅಲ್ಲಲ್ಲಿ ಮಾತ್ರ ಉಬ್ಬಿ, ಗಟ್ಟಿಯಾಗಿ, ನವೆ ಬಿಡದೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ಅದೇ ರೀತಿ ಬೂದು ನೆರಳು ತುಂಬಿದ ಕಡೆ ಮಾತ್ರ, ಒಂದೆರಡು ವಾರ ಬಿಟ್ಟು ಕೆಂಪು ಬೊಕ್ಕೆಗಳು ಎದ್ದರೆ ಅದು ಬೇರೆ ಕತೆ. 2011ರ ಕೊನೆಗೆ ಅಮೆರಿಕದ ರಾಚೆಸ್ಟರ್ ಊರಿನಲ್ಲಿ 19 ಜನರಿಗೆ ಹಾಗಾಗಿತ್ತು. ಮೊದಲೇ ತೆಳು ಮಾಡಿ ಬಾಟಲಿಗೆ ತುಂಬಿದ್ದ ಬೂದು ಇಂಕಿನಲ್ಲೇ ಮೈಕೋಬ್ಯಾಕ್ಟೀರಿಯಂ ಚೆಲೋನೆ ಅನ್ನುವ ಕ್ರಿಮಿ ಇತ್ತು. ನೀರಿನಲ್ಲಿ, ಮಣ್ಣಿನಲ್ಲಿ ಇರುವಂಥದ್ದು. ಮನೆಯಲ್ಲಿ ಎಷ್ಟು ಚೆನ್ನಾಗಿ ತೊಳೆದುಕೊಂಡಿದ್ದರೂ ಅದನ್ನು ತಡೆಯೋಕೆ ಆಗುತ್ತಿರಲಿಲ್ಲ. ಹೆದರಿಸೋಕೆ ಹೇಳಿದ್ದಲ್ಲ. ಮಾಯದ ಟ್ಯಾಟೂಗೆಲ್ಲ ನೋಡಿಕೊಂಡವರದೇ ತಪ್ಪು ಅನ್ನುವ ಮಾತು ಸುಳ್ಳು, ಅದಕ್ಕೆ ಹೇಳಿದೆ.

ಕೊನೆಗೆ ಒಂದು. ಈಜುಕೊಳ, ಕೆರೆ, ಹೊಳೆ, ಸಮುದ್ರ, ಬಾತ್‌ಟಬ್ ಯಾವುದೂ ಬೇಡ, ಸಿಪ್ಪೆ ಪೂರ್ತಿ ಬಿದ್ದು ಚರ್ಮ ಮುಚ್ಚುವವರೆಗೆ. ಮೂರು ನಾಲ್ಕು ವಾರ ಅಂದುಕೋ. ಶವರ್ ಪರವಾಗಿಲ್ಲ, ಮುಳುಗಿಸುವುದು ಬೇಡ. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣ ಬಂದಿತ್ತು. ಕಾಲಿಗೆ ಟ್ಯಾಟೂ ಹಾಕಿಸಿಕೊಂಡ ಐದನೇ ದಿನ ಒಬ್ಬರು ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿದರು. ಅವರಿಗೆ ಮೊದಲೇ ಲಿವರ್ ಕಾಯಿಲೆ ಇತ್ತು. ಸಮುದ್ರದ ನೀರಿನ ವಿಬ್ರಿಯೋ ವಲ್ನಿಫಿಕಸ್ ಅನ್ನುವ ಬ್ಯಾಕ್ಟೀರಿಯಾ ಗಾಯದಿಂದ ಒಳಹೊಕ್ಕಿತು. ಅವರು ಉಳಿಯಲಿಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ತೆರೆದ ಗಾಯ ತೆರೆದ ಗಾಯವೇ.

ಜರಿಗಿಡ ಬರೆದದ್ದು:

ಅಕ್ಕ, ಈಗಷ್ಟೇ ಕಿಟಕಿ ಹತ್ತಿರ ಹೋಗಿ ನೋಡಿದೆ. ನೇರ ಗೆರೆ! ಮೊಣಕೈ ಕಡೆ ಮೂಲೆ ಕೂಡ ಚೌಕವಾಗೇ ಇದೆ. ಇಷ್ಟು ಹೊತ್ತು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೋ. ಮುಲಾಮಿನ ಹಿಂದೆ ನಿಯೋಮೈಸಿನ್ ಅಂತಲೇ ಇತ್ತು, ಅಣ್ಣನಿಗೆ ವಾಪಸ್ ಕೊಟ್ಟೆ. ಓದದೆ ಕೊಟ್ಟಿದ್ದಕ್ಕೆ ಅವನು, ಓದದೆ ಹಚ್ಚಲಿಲ್ಲವಲ್ಲ ನೀನು ಅಂತ ನನಗೇ ಭೇಷ್ ಅಂದ. ಕೆಂಪಿನ ಸುತ್ತ ಗೆರೆ ಹಾಕಿ 'ಸಂಜೆ 6.20' ಅಂತ ಬರೆದಿದ್ದೇನೆ. ಜೈಲಿನ ಸೀಲು ಹಾಕಿದ ಹಾಗಿದೆ.

ಸೂಜಿಕೈ ಬರೆದದ್ದು:

ಟ್ಯಾಟೂ ಹಾಕುವುದೇ ನನ್ನ ಕೆಲಸ. ಮೇಲಿನವರು ಬಹುತೇಕ ಹೇಳಿಬಿಟ್ಟಿದ್ದಾರೆ, ನನಗೆ ಉಳಿದದ್ದು ಹಾಳೆ ಮತ್ತು ವಾಚು.

ಹಾಳೆ ಕೀಳುವ ಕ್ರಮವನ್ನು ಕಳಿಸುವಾಗಲೇ ತೋರಿಸಬೇಕಿತ್ತು, ಅದು ಹಾಕಿದವರ ಹೊಣೆ. ಬೇರೆ ಯಾರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಶವರ್‌ನಡಿ ಉಗುರುಬೆಚ್ಚಗಿನ ನೀರು ಬಿಟ್ಟುಕೊಂಡು ಒಂದು ಮೂಲೆ ಎಬ್ಬಿಸಿ. ಮೇಲಕ್ಕೆ ಎತ್ತಬೇಡಿ. ಚರ್ಮಕ್ಕೆ ಸಮನಾಗಿ, ಮಲಗಿಸಿದ ಹಾಗೆ ಪಕ್ಕಕ್ಕೆ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗುತ್ತಾ ಅಂಟು ತಾನೇ ಸಡಿಲವಾಗುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಬಿಟ್ಟ ಜಾಗದ ಚರ್ಮವನ್ನು ಒತ್ತಿ ಹಿಡಿದುಕೊಳ್ಳಿ. ಐದು ನಿಮಿಷ ಹಿಡಿದರೆ ಹಿಡಿಯಲಿ, ಅವಸರ ಏನಿದೆ. ಒಳಗೆ ಕಪ್ಪು ನೀರು ನಿಂತಿದ್ದರೆ ಹೆದರಬೇಕಿಲ್ಲ, ಆದರೆ ಅಂಚಿನಿಂದ ಸೋರತೊಡಗಿದರೆ ಎಷ್ಟನೇ ದಿನವಾದರೂ ಸರಿ ತೆಗೆದುಬಿಡಿ. ನೀರು ಹೊರಬರುವ ದಾರಿಯಲ್ಲೇ ಕೊಳೆ ಒಳಗೂ ಹೋಗುತ್ತದೆ. ಸಿಪ್ಪೆ ಏಳಲು ಶುರುವಾದ ಮೇಲೆ ಇನ್ನೊಂದು ಹಾಳೆ ಅಂಟಿಸಬೇಡಿ.

ಎಡಗೈ ಅಂದಿರಿ. ವಾಚು ಕಟ್ಟುತ್ತೀರಾ? ಎಲೆಯ ಕಾಂಡ ಮಣಿಕಟ್ಟಿನಿಂದ ಶುರುವಾಗುತ್ತದೆ ಅಂದ ಮೇಲೆ ಪಟ್ಟಿ ಅಲ್ಲೇ ಉಜ್ಜುತ್ತದೆ. ಒಂದು ತಿಂಗಳು ಬಲಗೈಗೆ ಕಟ್ಟಿಕೊಳ್ಳಿ. ಆಫೀಸಿನಲ್ಲಿ ಟೈಪ್ ಮಾಡುವಾಗ ಮೇಜಿನ ಅಂಚು ಎಲ್ಲಿ ತಾಗುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ನನ್ನ ಹತ್ತಿರ ತಿದ್ದಿಸಿಕೊಳ್ಳಲು ಬರುವ ಮುಂಗೈ ಟ್ಯಾಟೂಗಳಲ್ಲಿ ಸುಮಾರಕ್ಕೆ ಮೇಜಿನ ಅಂಚಿನ ಗೆರೆಯೇ ಬಿದ್ದಿರುತ್ತದೆ. ಕೇಳಿದರೆ, ಇಲ್ಲ ನಾನು ಏನೂ ಮಾಡಲಿಲ್ಲ ಅನ್ನುತ್ತಾರೆ. ನಿಜ, ಸುಮ್ನೆ ಕೂತು ಕೆಲಸ ಮಾಡಿದ್ದಷ್ಟೇ.

ಬಿಸಿಲಿಗೆ ಸಡಿಲವಾದ ತೋಳು ಸಾಕು. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚಬೇಡಿ. ಚರ್ಮ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರುವಂಥದ್ದನ್ನು ಯಾವತ್ತೂ ಬಿಡಬೇಡಿ. ಆಗ ಮಾಡಿದ ಆರೈಕೆ ನಾಲ್ಕು ವಾರದ್ದು, ಬಿಸಿಲು ಜೀವನಪೂರ್ತಿಯದ್ದು. ಶೇವ್ ಮಾಡುವುದಿದ್ದರೆ ಬೆರಳಿಗೆ ಒಂದೂ ಉಬ್ಬು, ಒಂದೂ ಸಿಪ್ಪೆ ಸಿಗದ ಹಾಗಾದ ಮೇಲೆ.

ಜರಿಗಿಡ ಬರೆದದ್ದು:

ಇಪ್ಪತ್ತಮೂರನೇ ದಿನ. ಹೇಳಿ ಹೋಗೋಣ ಅಂತ ಬಂದೆ.

ಚೌಕದ ಕೆಂಪು ಪೆನ್ನಿನ ಗೆರೆ ದಾಟಲಿಲ್ಲ. ಒಂಬತ್ತನೇ ದಿನದ ಹೊತ್ತಿಗೆ ಗೆರೆ ಮಾತ್ರ ಉಳಿದಿತ್ತು, ಕೆಂಪು ಇರಲಿಲ್ಲ. ಹುಳದ ಬೆನ್ನು ಈಗ ನುಣ್ಣಗಿದೆ. ಕಣ್ಣು ಮುಚ್ಚಿ ಸವರಿದರೆ ಎಲೆ ಎಲ್ಲಿ ಮುಗಿದು ಹುಳ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಬಣ್ಣ ತಿಳಿಯಾಗುತ್ತಾ ಬಂದಿದೆ, ಟ್ರೇಸಿಂಗ್ ಪೇಪರ್ ದಿನಕ್ಕೊಂಚೂರು ತೆಳುವಾದ ಹಾಗೆ.

ಒಂದು ತಪ್ಪೊಪ್ಪಿಗೆ. ಆ ನೇತಾಡುವ ಸಿಪ್ಪೆಯನ್ನು ಆರನೇ ದಿನ ಮೀಟಿಂಗಿನಲ್ಲಿ ಕೂತಿದ್ದಾಗ ಕಿತ್ತೆ. ಕೀಳಬೇಕು ಅಂತ ಕಿತ್ತದ್ದಲ್ಲ, ಬೆರಳು ತಾನಾಗೇ ಹೋಗಿತ್ತು. ಎಳ್ಳುಕಾಳಿನಷ್ಟು ರಕ್ತ ಬಂತು. ಕೆಳಗಿನಿಂದ ಮೂರನೇ ಎಳೆಯಲ್ಲಿ ಈಗ ಅಷ್ಟೇ ಅಗಲದ ಬಿಳಿ ಚುಕ್ಕೆ ಇದೆ. ಬೇರೆಯವರಿಗೆ ಕಾಣುವುದಿಲ್ಲ. ನನಗೆ ಬೇರೆ ಏನೂ ಕಾಣುವುದಿಲ್ಲ.

ಸೂಜಿಕೈ ಬರೆದದ್ದು:

ಆರು ವಾರ ತುಂಬಿದ ಮೇಲೆ ಹಾಕಿದವರ ಹತ್ತಿರವೇ ಹೋಗಿ, ತಿದ್ದಿ ಕೊಡುತ್ತಾರೆ. ಅದಕ್ಕಿಂತ ಮುಂಚೆ ಹೋದರೆ ಮಾಯುತ್ತಿರುವ ಚರ್ಮಕ್ಕೆ ಮತ್ತೆ ಸೂಜಿ ಹಾಕಿದ ಹಾಗಾಗುತ್ತದೆ. ಎರಡು ನಿಮಿಷದ ಕೆಲಸ, ಆದರೆ ಆಮೇಲಿನ ತೊಳೆಯುವುದು, ಹಚ್ಚುವುದು ಎಲ್ಲ ಮೊದಲಿನ ಹಾಗೇ.

ಅಂದ ಹಾಗೆ ಏಳುಹಚ್ಚೆ ಸರ್, ನಿಮ್ಮ 'ಉ' ಇನ್ನೂ ಯಾಕೆ ಹಾಕಿಸಿಲ್ಲ?

ಏಳುಹಚ್ಚೆ ಬರೆದದ್ದು:

ಕೇಳಿದವರಿಗೆ ಹೇಳೋಕೆ ಒಂದು ಕತೆ ಇರಲಿ ಅಂತ. ಎಲ್ಲರಿಗೂ ಹಾಗೇ ಹೇಳುವುದು. ನಿಜ ಏನಂದರೆ ಆ ಅಕ್ಷರ ಸರಿಯಾಗಿ ಗಿಣ್ಣಿನ ಮೂಳೆ ಮೇಲೆ ಬರುತ್ತದೆ, ಮೊದಲ ಸಲದ ನೋವು ಇನ್ನೂ ಮರೆತಿಲ್ಲ.